ರಾತ್ರಿ ಒಂಬತ್ತೂವರೆಯ ‘ಸುಮ್ನಿದಾ’

2023ರ ನವೆಂಬರ್. ಅಡಿಕೆ ಕೊಯ್ಲು ಶುರುವಾಗಿತ್ತು. ಅಂಗಳದ ಚಪ್ಪರಕ್ಕೆ ಹಳೇ ತಟ್ಟಿ ಇಳಿಸಲು ಅಟ್ಟ ಹತ್ತಿದವನಿಗೆ ಮೂಲೆಯಲ್ಲಿ ಅಜ್ಜಯ್ಯನ ಟ್ರಾನ್ಸಿಸ್ಟರ್ ಸಿಕ್ಕಿತು. ಕಂದು ಬಣ್ಣದ ಚರ್ಮದ ಕವರ್, ಹರಿದ ಪಟ್ಟಿ. ಸೆಲ್ ಹಾಕುವ ಮುಚ್ಚಳದ ಒಳಗೆ ಪೆನ್ಸಿಲ್ಲಿನಲ್ಲಿ ‘ಬುಧ ರಾ. 8’ ಎಂದು ಬರೆದಿತ್ತು. ಅಪ್ಪಯ್ಯ ಅದನ್ನು ನೋಡಿದವರೇ ನಕ್ಕರು.

‘ಅದು ರೇಡಿಯೋ ಸಿಲೋನ್ ಮಾರಾಯ. ಬಿನಾಕಾ ಗೀತಮಾಲಾ, ಹಿಂದಿ ಹಾಡಿನ ಕಾರ್ಯಕ್ರಮ. ಅಮೀನ್ ಸಯಾನಿ ಮಾತಾಡ್ತಿದ್ರೆ ನಿಮ್ಮಜ್ಜಯ್ಯ ಊಟಕ್ಕೂ ಏಳ್ತಿರ್ಲಿಲ್ಲ. ಹಿಂದಿ ಒಂದಕ್ಷರ ಬರ್ತಿರ್ಲಿಲ್ಲ ಅವ್ರಿಗೆ.’

ರಾತ್ರಿ ಊಟ ಮುಗಿಸಿ, ಸೆಲ್ ಹಾಕಿ, ಜಗಲಿಯಲ್ಲಿ ಕುಳಿತೆ. ಮೀಡಿಯಂ ವೇವ್‌ನಲ್ಲಿ ನಮ್ಮ ಭದ್ರಾವತಿ ಆಕಾಶವಾಣಿ ಸ್ಪಷ್ಟವಾಗಿ ಬಂತು. ಅಷ್ಟಕ್ಕೇ ಖುಷಿಯಾಗಿತ್ತು. ಆಮೇಲೆ ಶಾರ್ಟ್‌ವೇವ್‌ಗೆ ಹಾಕಿ ಗುಂಡಿ ತಿರುಗಿಸುತ್ತಾ ಹೋದೆ. 41 ಎಂದು ಬರೆದಿರುವ ಜಾಗದ ಹತ್ತಿರ ಒಂದು ಹೆಣ್ಣು ದನಿ. ಯಾವ ಭಾಷೆ ಎಂದು ತಿಳಿಯಲಿಲ್ಲ. ದನಿ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು, ಮತ್ತೆ ಹತ್ತಿರ ಬರುತ್ತಿತ್ತು. ಪ್ರತಿ ವಾಕ್ಯದ ಕೊನೆಯಲ್ಲೂ ಒಂದೇ ಶಬ್ದ. ಅಮ್ಮ ಅಡುಗೆಮನೆಯಿಂದಲೇ ಕೇಳಿದರು: ‘ಯಾರದು, ಸುಮ್ನಿದಾ ಸುಮ್ನಿದಾ ಅಂತ ಅಷ್ಟು ಸಲ ಹೇಳ್ತಿರೋದು?’

ಹೌದು, ಸುಮ್ನಿದಾ ಅಂತಲೇ ಕೇಳುತ್ತಿತ್ತು. ಅದು ಯಾರು, ಎಲ್ಲಿಂದ ಮಾತಾಡುತ್ತಿದ್ದಾರೆ ಎಂದು ತಿಳಿಯಲೇಬೇಕು ಅನಿಸಿತು. ಶಾರ್ಟ್‌ವೇವ್ ವೇಳಾಪಟ್ಟಿಗಳ ಹಿಂದೆ ನಾನು ಬಿದ್ದದ್ದು ಹೀಗೆ.

ನಮ್ಮದು ಹೊಸನಗರ ತಾಲೂಕು, ಶರಾವತಿ ಹಿನ್ನೀರಿನ ಕಡೆ. ಮನೆಯಲ್ಲಿ ಮೊಬೈಲ್ ನೆಟ್‌ವರ್ಕ್ ಇಲ್ಲ. ತೋಟ ದಾಟಿ, ಬ್ಯಾಣ ಹತ್ತಿ, ಗುಡ್ಡದ ನೆತ್ತಿಗೆ ಹೋದರೆ ಎರಡು ಕಡ್ಡಿ ಬರುತ್ತದೆ. ಒಂದು ಕಲ್ಲಿನ ಮೇಲೆ ಕುಳಿತು ಹುಡುಕಿದೆ. ಲೋಕದ ಎಲ್ಲ ಶಾರ್ಟ್‌ವೇವ್ ಸ್ಟೇಷನ್ನುಗಳ ಪಟ್ಟಿ ಪುಕ್ಕಟೆ ಸಿಗುತ್ತದೆ ಎಂದು ಅವತ್ತೇ ಗೊತ್ತಾದದ್ದು. ಎಲ್ಲ ಬರೀ ಅಕ್ಷರಗಳ ಫೈಲು. ಚಿತ್ರ ಇಲ್ಲ, ಜಾಹೀರಾತು ಇಲ್ಲ. ಎರಡು ಕಡ್ಡಿಯಲ್ಲೂ ಇಳಿಯುತ್ತದೆ.

ಪಟ್ಟಿಗಳಲ್ಲಿ ಎರಡು ಜಾತಿ. ಮೊದಲನೆಯದು ಎಚ್‌ಎಫ್‌ಸಿಸಿ ಎಂಬ ಅಂತರರಾಷ್ಟ್ರೀಯ ಪ್ರಸಾರ ಒಕ್ಕೂಟದ ಪಟ್ಟಿ. ಶಾರ್ಟ್‌ವೇವ್ ಅಲೆ ದೇಶದ ಗಡಿಗೆ ನಿಲ್ಲುವುದಿಲ್ಲ. ಇಬ್ಬರು ಒಂದೇ ಹೊತ್ತಿಗೆ ಒಂದೇ ಫ್ರೀಕ್ವೆನ್ಸಿ ಹಿಡಿದರೆ ಇಬ್ಬರದೂ ಕೆಡುತ್ತದೆ. ಅದಕ್ಕೇ ಪ್ರಸಾರ ಸಂಸ್ಥೆಗಳು ಸೇರಿಕೊಂಡು, ಯಾರಿಗೆ ಯಾವ ಫ್ರೀಕ್ವೆನ್ಸಿ ಎಂದು ವರ್ಷಕ್ಕೆ ಎರಡು ಸಲ ಹೊಂದಿಸಿಕೊಳ್ಳುತ್ತವೆ. ಮಾರ್ಚ್ ಕೊನೆಯ ಭಾನುವಾರದಿಂದ ಎ ಸೀಸನ್, ಅಕ್ಟೋಬರ್ ಕೊನೆಯ ಭಾನುವಾರದಿಂದ ಬಿ ಸೀಸನ್. ನಾನು ಶುರು ಮಾಡಿದಾಗ ನಡೆಯುತ್ತಿದ್ದದ್ದು ಬಿ23.

ಎರಡನೆಯದು ಕೇಳುಗರೇ ಮಾಡುವ ಪಟ್ಟಿ. ಜರ್ಮನಿಯ ಒಬ್ಬ ಹವ್ಯಾಸಿ ನಡೆಸುವ ಐಬಿ ಪಟ್ಟಿ, ಜಪಾನಿನ ಅವೋಕಿ ಪಟ್ಟಿ ಇವೆಲ್ಲ ಆ ಜಾತಿಯವು. ಬೇರೆ ಬೇರೆ ದೇಶದಲ್ಲಿ ರೇಡಿಯೋ ಇಟ್ಟುಕೊಂಡು ಕುಳಿತವರು ತಮಗೆ ಕೇಳಿದ್ದನ್ನು ತಿಳಿಸುತ್ತಾರೆ. ಪಟ್ಟಿ ಮತ್ತೆ ಮತ್ತೆ ತಿದ್ದುಪಡಿ ಆಗುತ್ತದೆ.

ಎಚ್‌ಎಫ್‌ಸಿಸಿಯದ್ದು ಕಾಯ್ದಿರಿಸಿದ ಜಾಗಗಳ ಪಟ್ಟಿ. ಕಲ್ಯಾಣ ಮಂಟಪ ಬುಕ್ ಮಾಡಿದವರೆಲ್ಲ ಮದುವೆ ಮಾಡಿಯೇ ಮಾಡುತ್ತಾರೆ ಎಂದೇನಿಲ್ಲವಲ್ಲ. ಅದರಲ್ಲಿರುವ ಕೆಲವು ಸಾಲುಗಳಲ್ಲಿ ಪ್ರಸಾರವೇ ಇರುವುದಿಲ್ಲ. ಸ್ಟೇಷನ್ ಗುರುತಿಸುವುದಕ್ಕೆ ನಾನು ಮೊದಲು ನೋಡುವುದು ಕೇಳುಗರ ಪಟ್ಟಿಯನ್ನೇ. ಆದರೆ ಟ್ರಾನ್ಸ್‌ಮಿಟರ್‌ನ ಶಕ್ತಿ ಎಷ್ಟು, ಆಂಟೆನಾ ಯಾವ ದಿಕ್ಕಿಗಿದೆ ಎಂಬುದು ಬೇಕಾದರೆ ಎಚ್‌ಎಫ್‌ಸಿಸಿ ಪಟ್ಟಿಯಲ್ಲಿ ಸಿಗುತ್ತದೆ. ಎರಡೂ ಇಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ದಿನ ನಾನು ಐಬಿ ಪಟ್ಟಿ ಇಳಿಸಿಕೊಂಡೆ. ಸಾವಿರಾರು ಸಾಲು. ರೇಡಿಯೋದ ಮೇಲಿನ 41 ಮೀಟರಿನ ಲೆಕ್ಕ, ಪಟ್ಟಿಯದ್ದು ಕಿಲೋಹರ್ಟ್ಸ್. 300000ವನ್ನು ಮೀಟರಿನಿಂದ ಭಾಗಿಸಿದರೆ ಕಿಲೋಹರ್ಟ್ಸ್ ಬರುತ್ತದೆ. 41 ಮೀಟರ್ ಅಂದರೆ 7,300ರ ಆಸುಪಾಸು. ಆ ಬ್ಯಾಂಡ್ ಇರುವುದು 7,200ರಿಂದ 7,450ರವರೆಗೆ. ಅಷ್ಟು ಸಾಲುಗಳನ್ನು ಮಾತ್ರ ಬೇರೆ ಮಾಡಿಕೊಂಡು ಹೊಸನಗರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಬಸ್ಸಿನಲ್ಲೇ ಓದುತ್ತಾ ಬಂದೆ.

ಅದರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಸ್ಟೇಷನ್ ಹೆಸರು ಕೆಬಿಎಸ್ ವರ್ಲ್ಡ್ ರೇಡಿಯೋ. ಸಮಯ 1600. ಭಾಷೆಯ ಕಾಲಂನಲ್ಲಿ ಬರೀ ‘ಕೆ’. ಇ ಅಂದರೆ ಇಂಗ್ಲಿಷ್ ಎಂದು ಊಹಿಸಿದ್ದೆ. ಹಾಗಾದರೆ ಕೆ? ಕನ್ನಡ! ಕೊರಿಯಾದವರು ಕನ್ನಡದಲ್ಲಿ ಪ್ರಸಾರ ಮಾಡುತ್ತಾರೆ! ಮನೆಗೆ ಬಂದವನೇ ಅಪ್ಪಯ್ಯನಿಗೂ ಅಮ್ಮನಿಗೂ ಹೇಳಿದೆ. ಮರುದಿನ ಮಧ್ಯಾಹ್ನ ನಾಲ್ಕಕ್ಕೆ ಮೂವರೂ ರೇಡಿಯೋ ಮುಂದೆ ಕುಳಿತೆವು. ಅಪ್ಪಯ್ಯ ಅಡಿಕೆ ಒಲೆ ಬಿಟ್ಟು ಬಂದಿದ್ದರು. ಗೊರ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಅರ್ಧ ಗಂಟೆ ಕಾದೆವು.

ಪಟ್ಟಿಯ ಜೊತೆ ಇನ್ನೊಂದು ಫೈಲ್ ಇರುತ್ತದೆ, ಸಂಕೇತಗಳನ್ನೆಲ್ಲ ವಿವರಿಸುವಂಥದ್ದು. ಅದನ್ನು ನಾನು ಇಳಿಸಿಕೊಂಡಿರಲಿಲ್ಲ. ಮತ್ತೆ ಗುಡ್ಡ ಹತ್ತಿದೆ. ಓದಿದಾಗ ಮೊದಲ ತಪ್ಪು ಗೊತ್ತಾಯಿತು: ಸಮಯವೆಲ್ಲ ಯುಟಿಸಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಗಡಿಯಾರ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. 1600 ಅಂದರೆ ನಮಗೆ ರಾತ್ರಿ ಒಂಬತ್ತೂವರೆ. ಆ ಮೊದಲ ರಾತ್ರಿ ನಾನು ರೇಡಿಯೋ ಹಾಕಿದ್ದೂ ಅದೇ ಹೊತ್ತಿಗಲ್ವಾ! ಭಾಷೆಯ ಸಂಕೇತ ನೋಡುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ನೋಡದೇ ಇಳಿದು ಬಂದೆ.

ರಾತ್ರಿ ಮತ್ತೆ ಮೂವರೂ ಕುಳಿತೆವು. ಒಂಬತ್ತೂವರೆಗೆ ಒಂದು ರಾಗ ಬಂತು, ಆಮೇಲೆ ಮಾತು. ಎರಡನೇ ವಾಕ್ಯಕ್ಕೇ ಅಮ್ಮ ಹೇಳಿದರು, ‘ಇದು ಅವತ್ತಿನ ಸುಮ್ನಿದಾನೇ ಅಲ್ವಾ?’

ಕೆ ಅಂದರೆ ಕೊರಿಯನ್. ಆ ಭಾಷೆಯಲ್ಲಿ ಗೌರವದಿಂದ ಮಾತಾಡುವಾಗ ಕ್ರಿಯಾಪದ ಹಾಗೆ ಮುಗಿಯುತ್ತದಂತೆ. ಕನ್ನಡ ಕೇಳಲಿಲ್ಲ ಎಂಬ ಬೇಸರ ಒಂದು ನಿಮಿಷವೂ ಉಳಿಯಲಿಲ್ಲ. ಯಾವ ದನಿ ಯಾರದ್ದು ಎಂದು ಹುಡುಕಲು ಹೊರಟಿದ್ದೆನೋ ಅದು ಸಿಕ್ಕಿಬಿಟ್ಟಿತ್ತು. ಎಚ್‌ಎಫ್‌ಸಿಸಿ ಪಟ್ಟಿಯಲ್ಲಿ ಆ ಟ್ರಾನ್ಸ್‌ಮಿಟರ್ ಜಾಗದ ಸಂಕೇತ ಕೆಐಎಂ, ದಕ್ಷಿಣ ಕೊರಿಯಾದ ಕಿಮ್ಜೆ. ಅಲ್ಲಿಂದ ಹೊರಟ ಮಾತು ನಮ್ಮ ಜಗಲಿಗೆ ಬಂದಿದೆ. ಆ ಪ್ರಸಾರದ ಗುರಿ ನಮ್ಮ ಕಡೆ ಅಲ್ಲವೇ ಅಲ್ಲ. ಅದಕ್ಕೇ ಹೊಸಬರಿಗೆ ಹೇಳುತ್ತೇನೆ, ದಕ್ಷಿಣ ಏಷ್ಯಾಕ್ಕೆ ಎಂದು ಬರೆದ ಸಾಲುಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಅಳಿಸಬೇಡಿ. ಅಲೆಗೆ ಆ ಕಾಲಂ ಗೊತ್ತಿಲ್ಲ.

ಸಮಯದ ಲೆಕ್ಕಕ್ಕೆ ಒಂದು ಸುಲಭದ ದಾರಿ ಇದೆ. ಮುಳ್ಳಿನ ಗಡಿಯಾರವನ್ನು ತಲೆಕೆಳಗಾಗಿ ಹಿಡಿದು ನೋಡಿ. ನಮ್ಮ ಒಂಬತ್ತೂವರೆ ಹೆಚ್ಚುಕಡಿಮೆ ನಾಲ್ಕು ಗಂಟೆಯಾಗಿ ಕಾಣುತ್ತದೆ. ನಮಗೂ ಯುಟಿಸಿಗೂ ಐದೂವರೆ ಗಂಟೆ ವ್ಯತ್ಯಾಸ ಇರುವುದರಿಂದ ಇದು ಸಾಧ್ಯ. ಗಂಟೆ ಮುಳ್ಳು ಅರ್ಧ ಮನೆ ಹಿಂದೆ ನಿಂತಿರುತ್ತದೆ, ಅಷ್ಟೇ. ಅಪ್ಪಯ್ಯನಿಗೆ ಇದು ಬಹಳ ಇಷ್ಟವಾಗಿ, ಬಂದ ನೆಂಟರಿಗೆಲ್ಲ ಕೈಗಡಿಯಾರ ಬಿಚ್ಚಿ ತೋರಿಸುತ್ತಿದ್ದರು.

ವಾರದ ಲೆಕ್ಕ ಮಾತ್ರ ನನ್ನನ್ನು ಜಾಸ್ತಿ ದಿನ ಕಾಡಿತು. ಕೆಲವು ಕಾರ್ಯಕ್ರಮಗಳು ವಾರದ ಕೆಲವೇ ದಿನ ಇರುತ್ತವೆ. ದಿನಗಳನ್ನು ಅಂಕಿಯಲ್ಲಿ ಕೊಡುತ್ತಾರೆ. ಐಬಿ ಪಟ್ಟಿಯಲ್ಲಿ 1 ಅಂದರೆ ಸೋಮವಾರ. ಎಚ್‌ಎಫ್‌ಸಿಸಿಯಲ್ಲಿ 1 ಅಂದರೆ ಭಾನುವಾರ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡವರು ಇಲ್ಲಿ ಎಡವುತ್ತಾರೆ. ಇದರ ಮೇಲೆ, ಆ ವಾರವೂ ಯುಟಿಸಿಯದ್ದೇ. ಭಾನುವಾರ 2100 ಎಂದು ಬರೆದಿದ್ದರೆ ನಮಗೆ ಸೋಮವಾರ ನಸುಕಿನ ಎರಡೂವರೆ. ಹೀಗೆ ಎರಡು ರಾತ್ರಿ ಸುಮ್ನೆ ಎದ್ದು ಕುಳಿತಿದ್ದೇನೆ.

ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಕಾಲಂ ಟ್ರಾನ್ಸ್‌ಮಿಟರ್ ಇರುವ ಜಾಗದ್ದು. ಸ್ಟೇಷನ್ ಒಂದು ದೇಶದ್ದು, ಅಲೆ ಹೊರಡುವುದು ಇನ್ನೊಂದು ದೇಶದಿಂದ. ಎನ್‌ಎಯು ಅಂದರೆ ಜರ್ಮನಿಯ ನೌಯೆನ್. ಐಎಸ್‌ಎಸ್ ಅಂದರೆ ಫ್ರಾನ್ಸಿನ ಇಸ್ಸೂಡನ್. ಎಂಡಿಸಿ ಮಡಗಾಸ್ಕರ್. ಟಿಆರ್‌ಎಂ ನಮ್ಮ ಪಕ್ಕದ ಶ್ರೀಲಂಕಾದ ಟ್ರಿಂಕೋಮಲಿ, ಮೊದಲು ಜರ್ಮನಿಯ ಡಾಯ್ಚ ವೆಲ್ಲೆ ನಡೆಸುತ್ತಿದ್ದ ಕೇಂದ್ರ. ಅಜ್ಜಯ್ಯನ ಕಾಲದ ಅಟ್ಲಾಸ್ ಒಂದಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಸಂಕೇತವನ್ನೂ ಹುಡುಕುತ್ತಾ ಹೋದೆ. ಶಾಲೆಯಲ್ಲಿ ಓದುವಾಗ ಭೂಗೋಳ ನನಗೆ ಹೀಗೆ ಹಿಡಿಸಿರಲಿಲ್ಲ.

ಇದೇ ಕಾಲಂ ಇನ್ನೊಂದು ಗಂಟು ಬಿಡಿಸಿತು. ಬೆಂಗಳೂರಿನ ಹತ್ತಿರ ದೊಡ್ಡಬಳ್ಳಾಪುರದಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳಿವೆ. ನಮ್ಮೂರಿಗೆ ನೇರ ದೂರ 300 ಕಿಲೋಮೀಟರ್ ಕೂಡ ಇಲ್ಲ. ಆದರೂ ಹೆಚ್ಚಿನ ಫ್ರೀಕ್ವೆನ್ಸಿಯ ಬ್ಯಾಂಡುಗಳಲ್ಲಿ ಅಲ್ಲಿಂದ ಹೊರಡುವ ಪ್ರಸಾರ ನಮ್ಮಲ್ಲಿ ತೀರಾ ಕ್ಷೀಣ. ರೇಡಿಯೋ ಕೆಟ್ಟಿದೆ ಎಂದೇ ತಿಳಿದಿದ್ದೆ. ಆ ಅಲೆ ಆಕಾಶದಲ್ಲಿರುವ ಅಯಾನುಗೋಳ ಎಂಬ ವಿದ್ಯುತ್ಕಣಗಳ ಪದರಕ್ಕೆ ಬಡಿದು ವಾಪಸ್ ನೆಲಕ್ಕೆ ಇಳಿಯುವುದು ಬಹಳ ದೂರದಲ್ಲಿ. ನಾವು ಅದರ ಜಿಗಿತದ ಕೆಳಗೆ ಇದ್ದೇವೆ. ಹೊಳೆ ಹಾರುವವನ ಕಾಲು ನಡುವಿನ ನೀರಿಗೆ ತಾಗುವುದಿಲ್ಲವಲ್ಲ, ಹಾಗೆ.

ಅಜ್ಜಯ್ಯನ ರೇಡಿಯೋದ ಮುಖದ ಮೇಲೆ ನಂಬರು ಒತ್ತೊತ್ತಾಗಿವೆ. 7,275 ಯಾವುದು, 7,285 ಯಾವುದು ಎಂದು ಮುಳ್ಳು ನೋಡಿ ಹೇಳುವುದು ಆಗದ ಮಾತು. ಗೊತ್ತಿರುವ ಜಾಗದಿಂದ ಎಣಿಸಿಕೊಂಡು ಹೋಗಬೇಕು. ಇದಕ್ಕೆ ಒಳ್ಳೆಯ ಮೈಲಿಗಲ್ಲು ಚೀನಾದ ಬಿಪಿಎಂ. ಅದು ಸಮಯ ಹೇಳುವ ಸ್ಟೇಷನ್. 5,000, 10,000, 15,000 ಕಿಲೋಹರ್ಟ್ಸ್‌ನಲ್ಲಿ ಸೆಕೆಂಡಿಗೊಂದು ಟಿಕ್. ಟಿಕ್ ಸಿಕ್ಕ ಕಡೆ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಅಂದಾಜು ಸಿಗುತ್ತಾ ಹೋಯಿತು. ಆದರೂ ಕೆಲವು ಸ್ಟೇಷನ್ನುಗಳು ಪಟ್ಟಿಯಲ್ಲಿ ಯಾರೂ ಇಲ್ಲದ ಜಾಗದಲ್ಲಿ ಜೋರಾಗಿ ಕೇಳುತ್ತಿದ್ದವು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಹಳೇ ಸಾದಾ ರೇಡಿಯೋಗಳ ಒಳಗೆ 455 ಕಿಲೋಹರ್ಟ್ಸ್‌ನ ಒಂದು ಹಂತ ಇರುತ್ತದೆ. ಅದರಿಂದಾಗಿ ಜೋರಾದ ಸ್ಟೇಷನ್ ತನ್ನ ಜಾಗದಲ್ಲೂ ಕೇಳುತ್ತದೆ, ಅದಕ್ಕಿಂತ 455ರ ಎರಡು ಪಟ್ಟು, ಅಂದರೆ 910 ಕೆಳಗೂ ಕೇಳುತ್ತದೆ. 9,900ರದ್ದು 8,990ರಲ್ಲಿ. ಅದರ ನೆರಳು ಅನ್ನಿ. ಅವತ್ತಿನಿಂದ, ಪಟ್ಟಿಯಲ್ಲಿ ಇಲ್ಲದ್ದು ಕೇಳಿದರೆ ಮೊದಲು 910 ಕೂಡಿಸಿ ನೋಡುತ್ತೇನೆ.

ಅಡಿಕೆ ಮಾರಿದ ಮೇಲೆ ಜನವರಿಯಲ್ಲಿ ನಂಬರ್ ತೋರಿಸುವ ಸಣ್ಣ ಡಿಜಿಟಲ್ ರೇಡಿಯೋ ತರಿಸಿದೆ. ಕೆಲಸ ಎಷ್ಟೋ ಹಗುರಾಯಿತು. ಅಜ್ಜಯ್ಯನದ್ದು ಈಗಲೂ ಪಕ್ಕದಲ್ಲೇ ಇರುತ್ತದೆ. ದನಿ ಅದರದ್ದೇ ಚಂದ.

ಫೆಬ್ರವರಿ 20ರಂದು ಅಮೀನ್ ಸಯಾನಿ ತೀರಿಕೊಂಡರು. ಮರುದಿನ ಸುದ್ದಿ ಬಂತು. ಆ ರಾತ್ರಿ ಅಪ್ಪಯ್ಯ ತಾವಾಗಿಯೇ ಜಗಲಿಗೆ ಬಂದು ಹಳೇ ರೇಡಿಯೋ ಹಚ್ಚಿದರು. ಏನನ್ನೂ ಹುಡುಕಲಿಲ್ಲ. ಸುಮ್ನೆ ಗುಂಡಿ ತಿರುಗಿಸುತ್ತಾ ಕುಳಿತಿದ್ದರು. ನಾನೂ ಪಟ್ಟಿ ತೆಗೆಯಲಿಲ್ಲ.

ಇನ್ನು ಗಲಾಟೆಯ ವಿಚಾರ. ಪಟ್ಟಿ ಎಷ್ಟೇ ಸರಿ ಇರಲಿ, ಮನೆಯ ಸದ್ದು ಅದನ್ನು ನುಂಗಿಬಿಡುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಮಷಿನ್, ಎಲ್ಲವೂ ರೇಡಿಯೋದಲ್ಲಿ ಕಿರಿಚುತ್ತವೆ. ಒಂದು ಸದ್ದು ಮಾತ್ರ ಏನೆಂದೇ ತಿಳಿಯಲಿಲ್ಲ. ಟಕ್, ಟಕ್, ಟಕ್. ಹೆಚ್ಚುಕಡಿಮೆ ಸೆಕೆಂಡಿಗೊಂದು. ಬಿಪಿಎಂ ಇಷ್ಟು ಜೋರಾಗಿ ಬರುತ್ತಿದೆಯೇ ಎಂದು ಖುಷಿಪಟ್ಟಿದ್ದೆ. ಆದರೆ ಅದು ಎಲ್ಲ ಬ್ಯಾಂಡಿನಲ್ಲೂ ಇತ್ತು. ರೇಡಿಯೋ ಕೈಯಲ್ಲಿ ಹಿಡಿದು ತೋಟದ ಕಡೆ ನಡೆದೆ. ಹಂದಿ, ಕಾಡುಕೋಣ ಬಾರದಂತೆ ಹಾಕಿದ್ದ ನಮ್ಮದೇ ಸೋಲಾರ್ ಬೇಲಿ! ತಂತಿಗೆ ಬಳ್ಳಿ ಹಬ್ಬಿ ಕಿಡಿ ಹಾರುತ್ತಿತ್ತು. ಒಂದು ಬೆಳಿಗ್ಗೆ ಪೂರ್ತಿ ಕತ್ತಿ ಹಿಡಿದು ಬೇಲಿ ಸವರಿದೆ. ಅರ್ಧಕ್ಕರ್ಧ ಕಡಿಮೆಯಾಯಿತು.

ಏರಿಯಲ್‌ಗೆ ಹತ್ತು ಮೀಟರ್ ತಾಮ್ರದ ತಂತಿ ಸಾಕು. ಮೊದಲು ಮನೆಯ ಮಾಡಿನಿಂದ ಅಡಿಕೆ ಮರಕ್ಕೆ ಕಟ್ಟಿದ್ದೆ. ಕೊಯ್ಲಿಗೆ ಬಂದ ಕೊನೆಗೌಡ ನೋಡಿ ತಲೆಯಾಡಿಸಿದರು. ‘ಗಾಳಿ ಬಂದ್ರೆ ಅಡಿಕೆ ಮರ ಎಷ್ಟು ತೂಗ್ತದೆ ಗೊತ್ತುಂಟಾ? ಹಲಸಿನ ಮರಕ್ಕೆ ಕಟ್ಟಿ.’ ಅವರ ಮಾತು ಕೇಳಿದೆ. ಅವರೇ ದೋಟಿಯಲ್ಲಿ ತಂತಿ ಎತ್ತಿ ಕೊಂಬೆಗೆ ಹಾಕಿಕೊಟ್ಟರು. ಗುಡುಗು ಕೇಳಿದ ಕೂಡಲೇ ಆ ತಂತಿಯನ್ನು ರೇಡಿಯೋದಿಂದ ಬಿಚ್ಚಿ ಅಂಗಳದಾಚೆ ಎಸೆಯುತ್ತೇನೆ. ಮಲೆನಾಡಿನ ಸಿಡಿಲಿನ ಜೊತೆ ಆಟವಾಡಬಾರದು.

ಆದರೆ ನಿಜವಾದ ಕೇಳುವಿಕೆ ಏನೆಂದು ಗೊತ್ತಾದದ್ದು ಕರೆಂಟ್ ಹೋದ ರಾತ್ರಿಗಳಲ್ಲಿ. ಏಪ್ರಿಲ್‌ನಲ್ಲಿ ಒಂದು ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಎರಡನೇ ದಿನಕ್ಕೆ ಊರಿನ ಇನ್ವರ್ಟರುಗಳೂ ಸತ್ತವು. ಗುಡುಗೂ ಇರಲಿಲ್ಲ. ರಾತ್ರಿ ರೇಡಿಯೋ ಹಾಕಿದರೆ, ಹಿಂದಿನ ಗೊರಗೊರ ಪೂರ್ತಿ ನಿಂತಿದೆ. ಸ್ಟೇಷನ್ ಇಲ್ಲದ ಕಡೆ ತೆಳ್ಳನೆಯ ಉಸಿರಿನಂಥ ಸದ್ದು ಮಾತ್ರ. ಅದರೊಳಗಿಂದ ಒಂದೊಂದೇ ದನಿ ಮೇಲೆ ಬರುತ್ತಿತ್ತು. ಟಾರ್ಚ್ ಹಿಡಿದು ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಒಂದೊಂದಕ್ಕೂ ಗುರುತು ಹಾಕಿದೆ. ವಿಯೆಟ್ನಾಂ, ರೊಮೇನಿಯಾ, ಟರ್ಕಿ. ಪ್ರತಿ ಗಂಟೆಯ ಶುರುವಿಗೆ ಬಹಳಷ್ಟು ಸ್ಟೇಷನ್ನುಗಳು ತಮ್ಮ ಹೆಸರು ಹೇಳುತ್ತವೆ. ಅದಕ್ಕೆ ಎರಡು ನಿಮಿಷ ಮುಂಚೆಯೇ ಕಿವಿ ಕೊಟ್ಟು ಕುಳಿತರೆ ಪಟ್ಟಿ ಹೇಳಿದ್ದು ನಿಜವೋ ಅಲ್ಲವೋ ತಿಳಿದುಬಿಡುತ್ತದೆ. ಆ ಒಂದು ರಾತ್ರಿಯಲ್ಲಿ ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿತು. ಕರೆಂಟ್ ಬಂದಾಗ ಊರೆಲ್ಲ ಸಂಭ್ರಮಿಸಿತು. ನನಗೆ ಬೇಜಾರಾಯಿತು.

ನೋಟ್‌ಬುಕ್ ಬಗ್ಗೆ ಹೇಳಲೇಬೇಕು. ಕಳಿಸುವವರು ಯಾರು ಎಂಬುದು ಪಟ್ಟಿಯಲ್ಲಿದೆ. ನಮ್ಮ ಗುಡ್ಡದ ಮರೆಯ ಮನೆಗೆ ಏನು ಬಂದು ಮುಟ್ಟುತ್ತದೆ ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು. ನಾನು ತಾರೀಖು, ಯುಟಿಸಿ ಸಮಯ, ಫ್ರೀಕ್ವೆನ್ಸಿ, ಭಾಷೆ, ಏನು ಕೇಳಿತು, ಎಷ್ಟು ಚೆನ್ನಾಗಿ ಕೇಳಿತು, ಇಷ್ಟು ಬರೆಯುತ್ತೇನೆ. ಜೊತೆಗೆ ಅವತ್ತಿನ ಮೋಡ ಮಳೆಯನ್ನೂ. ಕೆಲವು ತಿಂಗಳಿಗೆ ಒಂದು ಕ್ರಮ ಕಾಣತೊಡಗಿತು. ನಡು ಮಧ್ಯಾಹ್ನ 41, 49 ಮೀಟರ್ ಸತ್ತಿರುತ್ತವೆ. 25, 19, 16 ಮೀಟರಿನಲ್ಲಿ ಜೀವ ಇರುತ್ತದೆ. ಹಗಲು ಸೂರ್ಯನ ಬಿಸಿಲಿಗೆ ಮೇಲಿನ ಗಾಳಿಯ ಕೆಳಪದರ ಒಂದು ಎದ್ದು, ಕಡಿಮೆ ಫ್ರೀಕ್ವೆನ್ಸಿಗಳನ್ನು ಹೀರಿಬಿಡುತ್ತದೆ. ಸಂಜೆ ಅದು ಕರಗುತ್ತದೆ, ಕೆಳಗಿನ ಬ್ಯಾಂಡುಗಳು ತೆರೆದುಕೊಳ್ಳುತ್ತವೆ. ನಾವು ಮೂವರೂ ಮಧ್ಯಾಹ್ನ ನಾಲ್ಕಕ್ಕೆ 41 ಮೀಟರಿನಲ್ಲಿ ಕಾದದ್ದಕ್ಕೆ ಯಾವ ದೇಶದವರೂ ಉತ್ತರ ಕೊಡಲಿಲ್ಲ ಏಕೆ ಎಂದು ಆಗ ಅರ್ಥವಾಯಿತು.

ಮೇ 11ರ ಬೆಳಿಗ್ಗೆಯ ಪುಟದಲ್ಲಿ ಒಂದೇ ಸಾಲಿದೆ: ‘ಏನೂ ಇಲ್ಲ.’ ಏಳು ಗಂಟೆಯ ಹೊತ್ತಿಗೆ ಎಲ್ಲ ಬ್ಯಾಂಡೂ ಖಾಲಿ. ತಂತಿ ತುಂಡಾಗಿದೆಯೇನೋ ಎಂದು ಹಲಸಿನ ಮರದವರೆಗೆ ಹೋಗಿ ನೋಡಿ ಬಂದೆ. ಸಂಜೆ ಗುಡ್ಡದ ಮೇಲೆ ಸುದ್ದಿ ಓದಿದೆ. ಸೂರ್ಯನಲ್ಲಿ ಭಾರೀ ಸ್ಫೋಟಗಳಾಗಿವೆ, 2003ರ ನಂತರ ಇಷ್ಟು ದೊಡ್ಡ ಸೌರ ಬಿರುಗಾಳಿ ಬಂದಿರಲಿಲ್ಲ, ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿ ಕಂಡಿದೆ ಎಂದಿತ್ತು. ಹಾನ್ಲೆಯವರು ಅದನ್ನು ಆಕಾಶದಲ್ಲಿ ಕಂಡರು. ನಮ್ಮ ಜಗಲಿಗೆ ಅದು ಮೌನವಾಗಿ ಬಂದಿತ್ತು. ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿಟ್ಟಿದ್ದೇನೆ.

ಸೀಸನ್ ಬದಲಾಗುವ ದಿನ ಹೊಸಬರು ಗಾಬರಿಯಾಗುತ್ತಾರೆ. ಮಾರ್ಚ್ 31ಕ್ಕೆ ನನಗೂ ಹಾಗೇ ಆಗಿತ್ತು. ಐದು ತಿಂಗಳು ಸೇರಿಸಿದ ನನ್ನ ಗುರುತುಗಳಲ್ಲಿ ಬಹಳಷ್ಟು ಒಂದೇ ದಿನಕ್ಕೆ ಹಳತಾದವು. ಕೆಲವು ಸ್ಟೇಷನ್ ಒಂದು ಗಂಟೆ ಹಿಂದಕ್ಕೆ, ಕೆಲವು ಬೇರೆ ಬ್ಯಾಂಡಿಗೆ. ಬೇಸಿಗೆ ಬಂದರೆ ಯುರೋಪಿನ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಹಗಲೂ ಉದ್ದವಾಗುತ್ತದೆ. ಹಾಗಾಗಿ ಈ ಬದಲಾವಣೆ.

ಅಕ್ಟೋಬರ್ 27ಕ್ಕೆ ಬಿ24 ಶುರು. ಈ ಸಲ ತಯಾರಾಗಿಯೇ ಇದ್ದೆ. ಅವತ್ತು ಬೆಳಿಗ್ಗೆಯೇ ಗುಡ್ಡ ಹತ್ತಿ ಹೊಸ ಪಟ್ಟಿಯನ್ನೂ ಸಂಕೇತಗಳ ಫೈಲನ್ನೂ ಇಳಿಸಿಕೊಂಡೆ. ಕಲ್ಲಿನ ಮೇಲೆ ಕುಳಿತೇ ಕೊರಿಯನ್ ಸಾಲು ಹುಡುಕಿ, ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮೊದಲಿಗೆ ಅದನ್ನೇ ಬರೆದೆ. ರಾತ್ರಿ ಒಂಬತ್ತೂ ಇಪ್ಪತ್ತೈದಕ್ಕೆ ಅಪ್ಪಯ್ಯ ಲೈಟ್ ಆರಿಸಿ, ಚಾರ್ಜರ್ ಕಿತ್ತು, ಬಂದು ಪಕ್ಕದಲ್ಲಿ ಕುಳಿತರು. ನಾನು ನಂಬರ್ ಒತ್ತಿದೆ. ಗೊರ್ ಎಂದಿತು. ಕಾದೆವು.

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದು ನಿಂತು ಕೇಳಿದರು, ‘ಬಂದ್ನಾ ನಮ್ಮ ಸುಮ್ನಿದಾ?’